ನಿದ್ದೆ ಕೆಟ್ಟ ದಿನದ ಕರಾರು

ಮಗಳು ಹುಟ್ಟಿ ತೊಟ್ಟಿಲಿಗೆ ಹಾಕುವ ಮೊದಲೇ ನನಗೆ ಬಾಣಂತಿ ಸನ್ನಿ ಹಿಡಿಯಿತು. ನಿದ್ದೆ ಅನ್ನುವುದೇ ಹೊರಟುಹೋಯಿತು. ಗೋಡೆ ನನ್ನನ್ನು ಬಯ್ಯುತ್ತಿತ್ತು. ಮಗುವನ್ನು ಎತ್ತಿಕೊಂಡು ಬಾವಿಯ ಕಡೆ ಓಡಿದೆನಂತೆ. ಅಂತೆ ಅನ್ನುತ್ತೇನೆ, ಯಾಕೆಂದರೆ ನನಗೆ ಅದು ನೆನಪಿಲ್ಲ. ನೆನಪಿರುವುದು ಕೊಟ್ಟಿಗೆಯ ಕಂಬ, ಎತ್ತು ಕಟ್ಟುವ ಹಗ್ಗ, ಹಣೆಗೆ ಎಳೆದ ಬರೆ. ಗಾಳಿ ಮೆಟ್ಟಿದೆಯಂತೆ, ಗಾಳಿ! ಬರೆಗೆ ಹೆದರಿ ಓಡುವ ಗಾಳಿಯಾಗಿದ್ದರೆ ನಾನೇ ಕಬ್ಬಿಣ ಕಾಯಿಸಿ ಕೊಡುತ್ತಿದ್ದೆ.

ಮೈಸೂರು ಮಹಾರಾಜರ ಕಾಲ. ಪಿರಿಯಾಪಟ್ಟಣದ ಆಚೆಯ ನಮ್ಮೂರಿಗೆ ಮೋಟಾರು ಬರುತ್ತಿರಲಿಲ್ಲ. ಗಾಡಿ ಕಟ್ಟಿಕೊಂಡು ಹುಣಸೂರಿಗೆ ಹೋದರೆ, ಅಲ್ಲಿಯ ಡಾಕ್ಟರು ಬೆಂಗಳೂರಿಗೆ ಕರೆದೊಯ್ಯಿರಿ ಎಂದರಂತೆ. ಸೊಸೆಯನ್ನು ಹುಚ್ಚಾಸ್ಪತ್ರೆಗೆ ಕಳಿಸಿದರೆ ಮನೆಯ ಮಾನ ಏನಾಗಬೇಕು ಎಂದು ಅತ್ತೆ ಗಾಡಿ ತಿರುಗಿಸಿದರು. ಗಂಡ ಎತ್ತುಗಳನ್ನು ಊರ ಕಡೆ ಹೊಡೆದ.

ಬಂದದ್ದು ತಾನಾಗಿಯೇ ಇಳಿಯಿತು. ಅಷ್ಟರಲ್ಲಿ ನನ್ನ ಎದೆ ಹಾಲು ಬತ್ತಿತ್ತು. ನನ್ನ ಓರಗಿತ್ತಿ, ಭಾವನ ಹೆಂಡತಿ, ತನ್ನ ಗಂಡುಮಗುವಿನ ಜೊತೆ ನನ್ನ ಮಗಳಿಗೂ ಹಾಲು ಕೊಡುತ್ತಿದ್ದಳು. ನಾನು ಕೈ ಚಾಚಿದರೆ ಮಗು ಮುಖ ತಿರುಗಿಸಿತು.

“ಬಾವಿ ತಕೆ ಓಡ್ದೋಳ ಕೈಗೆ ಮಗೀನ ಕೊಡಾಕಾಯ್ತದಾ?” ಎಂದರು ಅತ್ತೆ.

ನನಗೆ ಬೇಕಿದ್ದದ್ದು ಒಂದೇ, ನನ್ನ ಮಗು ನನ್ನ ಮಡಿಲಲ್ಲಿ. ಕೇಳಲು ಬಾಯಿಯೇ ಬರುತ್ತಿರಲಿಲ್ಲ. ನನ್ನ ಪರವಾಗಿ ಬಾಯಿ ತೆರೆದವಳು ಓರಗಿತ್ತಿ. ರಾಗಿ ಬೀಸುತ್ತಾ, ಅತ್ತೆಗೂ ಕೇಳುವ ಹಾಗೆ ಗಟ್ಟಿಯಾಗಿಯೇ ಅಂದಳು:

“ನಿದ್ದೆ ಬಂದಷ್ಟು ದಿನ ಮಗು ನಿಂದು ಕಣಮ್ಮಿ. ನಿದ್ದೆ ಕೆಟ್ರೆ ನೀನಾಗೇ ಬಂದು ಯೋಳು, ನಾನು ಇಸ್ಕತೀನಿ. ಸರಿಹೋದ್ಮ್ಯಾಕೆ ನೀನೇ ಬಂದು ಇಸ್ಕೊ. ಹಗ್ಗದ ಮಾತು ಇನ್ನು ಯಾರೂ ಆಡಂಗಿಲ್ಲ.”

ಅವಳ ಬಾಯಿಗೆ ಅತ್ತೆಯೂ ಹೆದರುತ್ತಿದ್ದರು. “ನಿದ್ದೆ ಕೆಟ್ಟಿದ್ನ ಒಂದ್ಸತಿ ಮುಚ್ಚಿಟ್ಲು ಅಂದ್ರೆ ಅವತ್ತಿಗೆ ಈ ಕರಾರು ಮುಗೀತು” ಎಂದಷ್ಟೇ ಗೊಣಗಿದರು.

ಮಗಳು ನನ್ನ ಪಕ್ಕಕ್ಕೆ ಬಂದಳು. ಎಣ್ಣೆ ಒತ್ತಿದೆ, ನೀರು ಹಾಕಿದೆ, ಮುದ್ದೆ ಕಿವುಚಿ ತಿನ್ನಿಸಿದೆ. ಆದರೆ ಎಡವಿ ಬಿದ್ದರೆ ಅವಳು ಓಡುತ್ತಿದ್ದದ್ದು ಓರಗಿತ್ತಿಯ ಹತ್ತಿರ. ಅವ್ವ ಅಂತ ಕರೆಯುತ್ತಿದ್ದದ್ದೂ ಅವಳನ್ನೇ. ನನ್ನನ್ನು ಏನೂ ಕರೆಯುತ್ತಿರಲಿಲ್ಲ. ಹೊಟ್ಟೆ ಉರಿಯುತ್ತಿತ್ತು, ಯಾಕೆ ಸುಳ್ಳು ಹೇಳಲಿ.

ಮಾತು ಕಲಿತು ಓಡಾಡುವ ವಯಸ್ಸಿನಲ್ಲಿ ಅವಳಿಗೆ ಜ್ವರ ಬಂತು. ಅದೇನಾಯಿತೋ, ನನ್ನ ಮಡಿಲು ಬಿಟ್ಟು ಇಳಿಯಲಿಲ್ಲ. ಜ್ವರ ಬಿಟ್ಟ ಮೇಲೂ ನನ್ನ ಸೆರಗಿನ ಹಿಂದೆಯೇ ಸುತ್ತಿದಳು. ಒಂದು ರಾತ್ರಿ ಕಣ್ಣು ಮುಚ್ಚಲಿಲ್ಲ; ಆ ಖುಷಿಗೇ ನಿದ್ದೆ ಬರುತ್ತಿಲ್ಲವೇನೋ ಅಂದುಕೊಂಡೆ. ಮರುದಿನ ಬೆಳಕು ಹರಿಯುವಾಗ ಗೋಡೆ ಮಾತಾಡಲು ಶುರುಮಾಡಿತು.

ಇವತ್ತೊಂದು ದಿನ ಸುಮ್ಮನಿದ್ದುಬಿಡೋಣ, ಯಾರಿಗೆ ಗೊತ್ತಾಗುತ್ತದೆ ಅನ್ನಿಸಿತು. ಗೋಡೆಯೂ ಅದನ್ನೇ ಹೇಳಿತು. ಅಯ್ಯೋ, ಆಗ ನನಗೆ ಹೆದರಿಕೆಯಾಯಿತು. ಮಗುವನ್ನು ಎತ್ತಿಕೊಂಡು ಕೊಟ್ಟಿಗೆಗೆ ಓಡಿದೆ. ಓರಗಿತ್ತಿ ಹಾಲು ಕರೆಯುತ್ತಿದ್ದಳು.

“ಅಕ್ಕ, ನಿದ್ದೆ ಬರ್ನಿಲ್ಲ. ಇಸ್ಕೊ.”

ಅವಳು ಚೆಂಬು ಕೆಳಗಿಟ್ಟು, ಕೈ ಒರೆಸಿಕೊಂಡು ಎದ್ದಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಓರಗಿತ್ತಿ ತೋಳು ಚಾಚಿದಳು. ಮಗಳು ಹೋಗಲಿಲ್ಲ. ನನ್ನ ಕುತ್ತಿಗೆ ತಬ್ಬಿ, ಕುಪ್ಪಸ ಹಿಡಿದು, “ಅವ್ವ, ಅವ್ವ” ಎಂದು ಕಿರುಚಿದಳು. ನನ್ನನ್ನೇ ಕರೆಯುತ್ತಿದ್ದಳು. ಓರಗಿತ್ತಿಯ ಕಣ್ಣಲ್ಲಿ ನೀರು ಬಂತು, ಅವಳಿಗೆ ಎಳೆದುಕೊಳ್ಳಲು ಮನಸ್ಸಾಗಲಿಲ್ಲ.

ಒಂದು ಬೆರಳು ಬಿಡಿಸಿದರೆ ಇನ್ನೊಂದು ಹಿಡಿಯುತ್ತಿತ್ತು. ನಾನೇ ಬಿಡಿಸಿದೆ.