ಕಾಕುವಿನ ಖಾನಾವಳಿಯಲ್ಲಿ ಒಂದು ಕೂದಲು

ಕಳೆದ ವಾರ ಹಂಚಿನ ಮೇಲೆ ಮರೆತ ರೊಟ್ಟಿ ಸೀದುಹೋಯಿತು. ಕಿಟಕಿ ತೆರೆದಿಟ್ಟರೂ ಕರಕಲು ವಾಸನೆ ಸಂಜೆಯವರೆಗೆ ಹೋಗಲಿಲ್ಲ. ಧಾರವಾಡದ ಈ ಮನೆಯಲ್ಲಿ ಬೈಯಲು ಯಾರೂ ಇಲ್ಲ. ಬೈಲಹೊಂಗಲದಲ್ಲಿ ಹೀಗೆ ಒಂದು ರೊಟ್ಟಿ ಸೀದರೆ ಇಡೀ ಓಣಿಗೆ ಬೈಗುಳ ಕೇಳಿಸುತ್ತಿತ್ತು...

ಡಿಗ್ರಿ ಓದುವಾಗ ನಾನು ಅಲ್ಲಿ ಒಂದು ಖಾನಾವಳಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅದನ್ನು ನಡೆಸುತ್ತಿದ್ದವರನ್ನು ಎಲ್ಲರೂ ಚಿಕ್ಕಮ್ಮ ಎಂಬರ್ಥದಲ್ಲಿ ಕಾಕು ಎನ್ನುತ್ತಿದ್ದರು. ನನಗೆ ಬೆಳಗಾಗುತ್ತಿದ್ದುದು ಅವರ ರೊಟ್ಟಿ ಬಡಿತದಿಂದ. ಹೊಸಬರು ಕೇಳಿದರೆ ಯಾರಿಗೋ ಏಟು ಬೀಳುತ್ತಿದೆ ಅಂದುಕೊಳ್ಳಬೇಕು, ಅಂಥ ಬಡಿತ. ತಾಟಿನಲ್ಲಿ ಅನ್ನ ಬಿಟ್ಟವರ ಕಡೆ ಸೌಟು ಹಾರಿ ಬರುತ್ತಿತ್ತು. ಗಂಡ ರಾಮದುರ್ಗದಲ್ಲಿ ಇನ್ನೊಬ್ಬಳೊಂದಿಗೆ ಸಂಸಾರ ಹೂಡಿದ್ದ. ಅವನ ಪಾಲಿನ ಏಟನ್ನೂ ಹಿಟ್ಟೇ ತಿನ್ನುತ್ತದೆ ಎಂದು ಗಿರಾಕಿಗಳು ನಗುತ್ತಿದ್ದರು. ಕಾಕುವಿಗೆ ಬೇರೆ ಗಳಿಕೆ ಇರಲಿಲ್ಲ, ಬೇರೆ ಜನವೂ ಇರಲಿಲ್ಲ. ಇದ್ದದ್ದು ಆ ಒಲೆಯೊಂದೇ.

ಅವರಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದಾಗ ಬೆಳಗಾವಿಗೆ ಜೊತೆಗೆ ಹೋದವಳು ನಾನು. ಮೊದಲು ಕೀಮೋ, ಗಂಟು ಸಣ್ಣದಾದ ಮೇಲೆ ಆಪರೇಷನ್ ಎಂದರು ಡಾಕ್ಟರು.

"ರೊಟ್ಟಿ ಬಡೀಬಹುದೇನ್ರಿ?" ಕಾಕು ಕೇಳಿದರು.

"ವಿಶ್ರಾಂತಿ ತಗೋರಿ. ಮಂದಿಯೊಳಗ ಭಾಳ ಇರಬ್ಯಾಡ್ರಿ, ಸೋಂಕು ಲಗೂ ಹತ್ತತೈತಿ."

"ಮಂದಿ ಬರಲಿಲ್ಲಂದ್ರ ನಾ ಉಣ್ಣೂದೇನ್ರಿ ಸಾಹೇಬರ?"

ಕೀಮೋದ ಕೆಂಪು ಔಷಧ ಕೈಯ ನರಕ್ಕೆ ಇಳಿಯುವಾಗ, ಜಗಳಕ್ಕೆ ನಿಂತವರಂತೆ ಅದನ್ನೇ ದಿಟ್ಟಿಸುತ್ತಿದ್ದರು. ಬಸ್ಸಿನಲ್ಲಿ ವಾಂತಿಯಾಯಿತು. ಬಾಯಿ ಒರೆಸಿಕೊಂಡು ಮುಂದಿನ ಸೀಟಿಗೆ ಮುಷ್ಟಿಯಿಂದ ಗುದ್ದಿದರು. ಮರುದಿನ ಬೆಳ್ಳುಳ್ಳಿ ಒಗ್ಗರಣೆಯ ವಾಸನೆಯೇ ತಡೆಯದಾಯಿತು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿ ಒಲೆಯ ಮುಂದೆ ಕುಳಿತರು; ಹಿತ್ತಲಿಗೆ ಓಡಿ ಕಾರಿಕೊಂಡು ಬಂದು ಮತ್ತೆ ಬಡಿದರು. ರೊಟ್ಟಿಗಳ ಅಂಚು ಹರಿಯುತ್ತಿತ್ತು.

ಎರಡನೆಯ ಕೀಮೋಕ್ಕೆ ಮೊದಲೇ ಕೂದಲು ಕೈಗೆ ಕಿತ್ತು ಬರತೊಡಗಿತು. ಸೆರಗನ್ನು ತಲೆಗೆ ಬಿಗಿದು ಕಟ್ಟಿಕೊಂಡರು. ಒಂದು ಮಧ್ಯಾಹ್ನ ಹತ್ತಿ ಮಾರುಕಟ್ಟೆಯ ದಲಾಲನೊಬ್ಬ ಕಡಲೆಹಿಟ್ಟಿನ ಜುಣಕದಿಂದ ಉದ್ದನೆಯ ಕೂದಲು ಎಳೆದು ಎತ್ತಿ ಹಿಡಿದ.

"ನೋಡ್ರಿಲ್ಲೆ, ಈಕಿ ತನ್ನ ರೋಗ ನಮಗ ತಿನ್ನಸಾಕ ಹತ್ಯಾಳ."

ಉಣ್ಣುತ್ತಿದ್ದವರ ಕೈಗಳು ನಿಂತವು. ಅವನು ತಾಟು ಬೀಸಿ ಒಗೆದ. ಅದರ ಅಂಚು ಕಾಕುವಿನ ಹುಬ್ಬು ಸೀಳಿತು, ರಕ್ತ ಕಣ್ಣಿಗಿಳಿಯಿತು. ಕಾಕು ಎದ್ದು ಬಂದವರೇ ಅವನ ಕಾಲರ್ ಹಿಡಿದು ನೆಲಕ್ಕೆ ಕೆಡವಿದರು. ಎದೆಯ ಮೇಲೆ ಮೊಣಕಾಲೂರಿ, ಹಿಟ್ಟಿಗೆ ಬಡಿಯುವ ಲಯದಲ್ಲೇ ಎರಡೂ ಕೆನ್ನೆಗೆ ಬಡಿದರು. ಅವನ ತುಟಿ ಒಡೆಯಿತು. ಯಾರೂ ಬಿಡಿಸಲಿಲ್ಲ. ಚಪ್ಪಲಿ ಬಿಟ್ಟು ಓಡಿದ.

ಕಾಕು ಬಾಗಿಲಿಗೆ ಬಂದು ಎದುರಿನ ಕ್ಷೌರದಂಗಡಿಯವನನ್ನು ಕೂಗಿದರು. "ಕತ್ತಿ ತಗೊಂಡ ಬಾರೋ ತಮ್ಮಾ."

ಅವನು ಬಂದವನು ತಲೆ ನೋಡಿ ಹಿಂಜರಿದ. "ಗಂಡ ಇದ್ದಾಕಿ ತಲಿ ಹೆಂಗ ಬೋಳಸ್ಲಿ ಕಾಕು? ಅಪಶಕುನ ಆಕ್ಕೈತಿ."

"ರಾಮದುರ್ಗದಾಕಿ ಕೂದಲಾ ಸಾಕು ಅವಗ. ನೀ ಬೋಳಸು."

ಯಾರೋ ನಕ್ಕರು. ಕಾಕು ಹೊರಗಿನ ಕಟ್ಟೆಯ ಮೇಲೆ, ಊಟದ ಸಾಲಿಗೆ ಮುಖ ಮಾಡಿ ಕುಳಿತು ಬೋಳಿಸಿಕೊಂಡರು. ಹುಬ್ಬಿನ ರಕ್ತ ಇನ್ನೂ ನಿಂತಿರಲಿಲ್ಲ. ತಲೆಗೆ ತಣ್ಣೀರು ಸುರಿದುಕೊಂಡು ಒಳಗೆ ಬಂದರು.

"ಇನ್ನ ಉಣ್ರಿ. ಕೂದಲ ಸಿಕ್ರ ನಂದಲ್ಲ."

ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರು ಮೊದಲು ಕುಳಿತರು. ಮರುದಿನದಿಂದ ಗಿರಾಕಿ ಹೆಚ್ಚಿದರು. ದಲಾಲನನ್ನು ಹೊಡೆದ ಬೋಳುತಲೆಯವರನ್ನು ನೋಡಲೆಂದೇ ಸವದತ್ತಿ ಬಸ್ಸಿನವರೂ ಇಳಿದು ಬಂದರು. ಖಾನಾವಳಿ ಉಳಿಯಿತು. ಅದರ ಜೊತೆ ಹೊಗೆ, ನೂಕುನುಗ್ಗಲು, ಕೆಮ್ಮುವ ಜನ...

ಮೂರನೆಯ ಕೀಮೋ ಆದ ಮೇಲೆ ಒಂದು ದಿನ ಅವರ ಮೈ ಸುಡುತ್ತಿತ್ತು. ಜ್ವರ ಬಂದರೆ ಹೊತ್ತು ಕಳೆಯದೆ ಬರಬೇಕೆಂದು ಡಾಕ್ಟರು ಹೇಳಿದ್ದರು. ನಾನು ತೋಳು ಹಿಡಿದು ಎಳೆದೆ. ಅವರು ತಳ್ಳಿದ ರಭಸಕ್ಕೆ ಗೋಡೆಗೆ ಹೋಗಿ ಬಿದ್ದೆ.

"ಮಂದಿ ಉಣ್ಣಾಕ ಬಂದಾರ ತಂಗಿ. ಈ ಪಂಕ್ತಿ ಏಳ್ಲಿ, ಹೋಗೂಣು."

ಆ ಪಂಕ್ತಿ ಎದ್ದಿತು. ಇನ್ನೊಂದು ಕುಳಿತಿತು. ಬೆಳಗಾವಿ ಮುಟ್ಟುವಾಗ ಅವರ ಮಾತು ತೊದಲುತ್ತಿತ್ತು. ಆಸ್ಪತ್ರೆಯ ಹಾಸಿಗೆಯನ್ನು ಎರಡೂ ಅಂಗೈಯಿಂದ ಬಡಿಯುತ್ತಿದ್ದರು. ಸೂಜಿ ಕಿತ್ತು ಬರುತ್ತದೆಂದು ನರ್ಸ್ ಕೈಗಳನ್ನು ಬಟ್ಟೆಯಿಂದ ಕಟ್ಟಿದರು. ಕಟ್ಟಿದ ಮೇಲೂ ಬೆರಳುಗಳು ಎಳೆದಾಡುತ್ತಿದ್ದವು. ಮೂರನೆಯ ದಿನ ಅದೂ ನಿಂತಿತು.

ಈಗಲೂ ಬೈಲಹೊಂಗಲಕ್ಕೆ ಹೋದರೆ ಜನ ಆ ಏಟಿನ ಕತೆ ಹೇಳಿ ನಗುತ್ತಾರೆ. ದಲಾಲನೂ ಹೇಳುತ್ತಾನಂತೆ. ಕಾಕು ಗೆದ್ದರು ಎನ್ನುತ್ತಾರೆ; ನಾನು ತಲೆಯಾಡಿಸುತ್ತೇನೆ. ಆ ಮಧ್ಯಾಹ್ನ ಎಲ್ಲರೂ ಉಣ್ಣದೆ ಎದ್ದುಹೋಗಿದ್ದರೆ ಒಲೆ ಆರುತ್ತಿತ್ತು, ಕಾಕು ನಮ್ಮನ್ನೆಲ್ಲ ಬೈಯುತ್ತ ಮೂಲೆಯಲ್ಲಿ ಮಲಗಿರುತ್ತಿದ್ದರು. ಬಹುಶಃ ಇವತ್ತಿಗೂ ಬೈಯುತ್ತಿದ್ದರು... ಇದನ್ನು ನಾನು ಅಲ್ಲಿ ಯಾರಿಗೂ ಹೇಳಿಲ್ಲ.