ಬಿಡುವುದಕ್ಕೂ ಚಾರ್ಜಂತೆ!

ಕೇಳಿರಯ್ಯಾ ಗೆಳೆಯರೇ! ಟಿವಿ, ಇಂಟರ್ನೆಟ್, ನೀರಿನ ಫಿಲ್ಟರ್ ಮೂರನ್ನೂ ಒಂದೇ ಪ್ಯಾಕೇಜಿನಲ್ಲಿ ಕೊಟ್ಟ ಜೇವರ್ಗಿಯ ಅಂಗಡಿಗೆ ಇಂದು ನಾನೂ ಹೆಂಡತಿಯೂ ಹೋಗಿ, "ಎಲ್ಲಾ ಬಂದ್ ಮಾಡ್ರಿ, ಒಂದೂ ಸರಿ ನಡಿಯಂಗಿಲ್ಲ" ಎಂದೆವು.

"ಬಿಡೂ ಚಾರ್ಜ್ ಮೂರು ಸಾವಿರ ಆಗ್ತದ್ರಿ ಕಾಕಾ," ಎಂದ ಮಾಲೀಕ.

"ಹಚ್ಚುವಾಗ ಯಾಕ ಹೇಳಲಿಲ್ಲೋ ಪಾಪಿ!" ಅಂಗಡಿ ನಡುಗುವಂತೆ ಗರ್ಜಿಸಿದೆ.

"ನೀವು ಕೇಳಲಿಲ್ಲಲ್ರಿ."

ಹೆಂಡತಿ ಮೆಲ್ಲಗೆ ಹೇಳಿದಳು: "ಖರೆ ಅದ ತಮ್ಮಾ. ಇಡೀ ಓಣಿಗೆ ಹೋಗೂ ವಾಯರ್ ನಮ್ಮ ಮಾಳಿಗಿ ಮ್ಯಾಲಿನ ಕಂಬಕ್ಕ ಕಟ್ಟೀದಿ. ನೀನೂ ಕೇಳಿಲ್ಲ. ಮನಿಗೆ ಹೋಗಿ ಬಿಚ್ತೇನಿ."

ಚಾರ್ಜು ಅಲ್ಲೇ ಮಾಫ್ ಆಯಿತು. ಚಹಾ ಕೂಡ ಬಂತು.

ಈಗ ನಮ್ಮ ಮಾಳಿಗೆಯ ಕೃಪೆಯಿಂದ ಓಣಿಯೆಲ್ಲ ಧಾರಾವಾಹಿ ನೋಡುತ್ತಿದೆ. ಹೆಂಡತಿಗೆ ಮಾತ್ರ ಇಂದು ಸಂಜೆಯಿಂದ ನೋಡಲು ಉಳಿದವನು ನಾನೊಬ್ಬನೇ.