ಎಡಚಿ ಇಲ್ಲದ ಫೈನಲ್

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ನಮ್ಮ ತಂದೆಯದೊಂದು ಅಂಗಡಿ ಇತ್ತು. ಹಗ್ಗ, ಪೊರಕೆ, ಮೊರ, ಚಾಪೆ, ಪ್ಲಾಸ್ಟಿಕ್ ಬಕೆಟ್ಟು ಮಾರುತ್ತಿದ್ದರು. ನನ್ನ ಹಾಕಿ ಸ್ಟಿಕ್ಕು ಆ ಅಂಗಡಿಯ ಮೂಲೆಯಲ್ಲಿ ಪೊರಕೆಗಳ ನಡುವೆ ನಿಂತಿರುತ್ತಿತ್ತು. ಮನೆಯಲ್ಲಿ ಇಡುವ ಹಾಗಿರಲಿಲ್ಲ. ಹಣೆ ತುಂಬ ವಿಭೂತಿ ಧರಿಸಿ ಪೂಜೆಗೆ ಕೂರುವ ನಮ್ಮ ಅಜ್ಜಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ದಿನ ಯಾರೋ ಗಿರಾಕಿ ಅದನ್ನೇ ಎತ್ತಿಕೊಂಡು, "ಇದಕ್ಕೆಷ್ಟು ಸ್ವಾಮಿ?" ಅಂದನಂತೆ. "ಅದು ಮಾರೋದಲ್ಲಪ್ಪ, ನಮ್ಮ ಮಗಳು ಆಡೋದು" ಅಂತ ಅಪ್ಪ ಹೇಳಿದ್ದಕ್ಕೆ, "ಹೆಣ್ಣುಮಗ ಇದರಲ್ಲಿ ಯಾರಿಗೆ ಬಾರಿಸ್ತದೆ?" ಅಂತ ಕೇಳಿ ಹೋದನಂತೆ. ಅಪ್ಪ ಊಟಕ್ಕೆ ಕೂತಾಗಲೆಲ್ಲ ಈ ಕತೆ ಹೇಳಿ ತಾವೇ ನಗುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಎಂಟನೇ ಕ್ಲಾಸು. ನಮ್ಮ ಪಿ.ಟಿ. ಮೇಡಂ ಒಮ್ಮೆ ತರಗತಿಗೆ ಬಂದು, ಜೋರಾಗಿ ಓಡುವವರು ಯಾರ್ಯಾರು ಎದ್ದು ನಿಲ್ಲಿ ಅಂದರು. ನನ್ನ ಪಕ್ಕ ಕೂತಿದ್ದವಳು ಎದ್ದಳು, ಜೊತೆಗೆ ನನ್ನ ಜಡೆ ಹಿಡಿದು ನನ್ನನ್ನೂ ಎಬ್ಬಿಸಿದಳು. ನನ್ನ ಹಾಕಿ ಶುರುವಾದದ್ದು ಹಾಗೆ.

ಇಡೀ ಶಾಲೆ ಅವಳನ್ನು ಎಡಚಿ ಎನ್ನುತ್ತಿತ್ತು. ಬರೆಯುವುದು, ಬಾಚಿಕೊಳ್ಳುವುದು, ಕಲ್ಲು ಬೀರಿ ಹುಣಸೆಕಾಯಿ ಉದುರಿಸುವುದು, ಎಲ್ಲಾ ಎಡಗೈಯಲ್ಲೇ. ಬನ್ನಿಮಂಟಪದ ಹತ್ತಿರ ಎರಡು ಕೋಣೆಯ ಮನೆ ಅವರದು. ನಂಜನಗೂಡು ಕಡೆಯ ಹಳ್ಳಿಯಿಂದ ಬಂದ ಒಕ್ಕಲು ಮನೆತನ. ಅವಳ ಅಪ್ಪ ಗೂಡ್ಸ್ ಆಟೋ ಓಡಿಸುತ್ತಿದ್ದರು. ಅವಳ ಅವ್ವ ಬಲಗೈಯಲ್ಲಿ ಉಣ್ಣುವುದನ್ನು ಕಲಿಸಲು ಹೊಡೆದೂ ನೋಡಿದ್ದರು, ಬೇಡಿಕೊಂಡೂ ನೋಡಿದ್ದರು. ಕೊನೆಗೆ ಉಣ್ಣುವುದೊಂದು ಬಲಗೈಗೆ ಬಂತು, ಮಿಕ್ಕಿದ್ದೆಲ್ಲ ಎಡಗೈಗೇ ಉಳಿಯಿತು.

ಮೊದಲ ದಿನ ಮೇಡಂ ಸ್ಟಿಕ್ಕು ಕೊಟ್ಟಾಗ ಅವಳು ಅದನ್ನು ತಿರುಗಾಮುರುಗಾ ಹಿಡಿದಳು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಅವಳ ಎರಡು ಕೈಯನ್ನೂ ಬಿಡಿಸಿ, ಎಡಗೈ ಮೇಲೆ, ಬಲಗೈ ಕೆಳಗೆ ಇಟ್ಟು, "ಹಾಕಿಯಲ್ಲಿ ಎಡಚರಿಗೆ ಅಂತ ಬೇರೆ ಸ್ಟಿಕ್ಕು ಇಲ್ಲಮ್ಮ. ಲೋಕಕ್ಕೆಲ್ಲ ಒಂದೇ. ಚಪ್ಪಟೆ ಇರುವ ಕಡೆಯಿಂದಲೇ ಚೆಂಡು ಮುಟ್ಟಬೇಕು. ಚೆಂಡು ಎಡಕ್ಕೆ ಹೋದರೆ ಸ್ಟಿಕ್ಕನ್ನ ತಿರುಗಿಸಬೇಕು. ತಿರುಗಿಸೋದು ಯಾವ ಕೈ ಹೇಳು? ಮೇಲಿರೋ ಎಡಗೈ. ಇವರೆಲ್ಲ ಅದನ್ನ ವರ್ಷಗಟ್ಟಲೆ ಕಲೀಬೇಕು. ನಿನಗೆ ಅದು ಬಂದೇ ಇದೆ" ಅಂದರು. ಆವತ್ತು ಅವಳ ಮುಖ ನೋಡಬೇಕಿತ್ತು. ಹುಟ್ಟಿದಾಗಿನಿಂದ ಬೈಸಿಕೊಂಡಿದ್ದ ಕೈ ಅದು.

ನಾವು ಆಡುತ್ತಿದ್ದದ್ದು ಬನ್ನಿಮಂಟಪದ ಕಡೆಯ ಒಂದು ಬಯಲಿನಲ್ಲಿ, ಕೆಮ್ಮಣ್ಣಿನ ನೆಲದ ಮೇಲೆ. ದಸರಾ ಹತ್ತಿರ ಬಂತೆಂದರೆ ಪಂಜಿನ ಕವಾಯತಿನ ತಾಲೀಮಿಗೆ ಬಂದ ಕುದುರೆಗಳು ಅದೇ ಬಯಲಿನಲ್ಲಿ ಓಡಾಡುತ್ತಿದ್ದವು. ಹಬ್ಬ ಮುಗಿದ ಮೇಲೆ ನೋಡಿದರೆ ನೆಲದ ತುಂಬ ಗೊರಸಿನ ಗುಳಿ. ಚೆಂಡು ನೇರ ಬರುತ್ತಿದೆ ಅಂದುಕೊಂಡರೆ ಗುಳಿಗೆ ಬಡಿದು ಮೊಣಕಾಲಿಗೆ ಹಾರುತ್ತಿತ್ತು. ನಾವೆಲ್ಲ ಹಿಂದೆ ಸರಿದರೆ ಎಡಚಿ ಮುಂದೆ ಬಗ್ಗಿ ಹಿಡಿಯುತ್ತಿದ್ದಳು. "ಕುದುರೆ ಎಲ್ಲಿ ಕಾಲಿಟ್ಟಿದೆ ಅಂತ ಮೊದಲೇ ನೋಡ್ಕೋಬೇಕು ಕಣೇ" ಅನ್ನುತ್ತಿದ್ದಳು. ನನಗೆ ಚೆಂಡು ನೋಡುವುದೇ ಸಾಕುಸಾಕಾಗುತ್ತಿತ್ತು. ನಾನು ಹಿಂದೆ ಬಲಕ್ಕೆ, ರೈಟ್ ಹಾಫ್ ಆಡುತ್ತಿದ್ದೆ, ಅವಳು ಮುಂದೆ ಎಡಕ್ಕೆ. ಆಟ ಮುಗಿದ ಮೇಲೆ ಮೇಡಂ ನೆನೆಸಿದ ಕಡಲೆಕಾಳು, ಒಂದೊಂದು ಬಾಳೆಹಣ್ಣು ಕೊಡುತ್ತಿದ್ದರು. ಆ ಕಡಲೆಕಾಳಿನ ರುಚಿ ಆಮೇಲೆ ನನಗೆ ಯಾವ ಮದುವೆ ಊಟದಲ್ಲೂ ಸಿಕ್ಕಿಲ್ಲ.

ಹತ್ತನೇ ಕ್ಲಾಸಿನಲ್ಲಿ ನಮ್ಮನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿ ಟರ್ಫ್ ಇತ್ತು. ಹಸಿರು ಜಮಖಾನ ಹಾಸಿದ ಹಾಗೆ ಇರುತ್ತದೆ ಎಂದು ಕೇಳಿದ್ದೆವು, ನೋಡಿರಲಿಲ್ಲ. ಆಟಕ್ಕೆ ಮುಂಚೆ ಅದರ ಮೇಲೆ ನೀರು ಹಾಯಿಸಿದ್ದು ಕಂಡು ನಮ್ಮವಳೊಬ್ಬಳು, "ಒಗೆದು ಒಣಗಿಸೋದು ಮರೆತುಬುಟ್ಟವ್ರೆ" ಅಂದಳು. ಆಟ ಶುರುವಾದ ಮೇಲೆ ನಗು ನಿಂತಿತು. ಮಣ್ಣಿನಲ್ಲಿ ಚೆಂಡು ನಮಗಾಗಿ ಸ್ವಲ್ಪ ಕಾಯುತ್ತಿತ್ತು, ಇಲ್ಲಿ ಕಾಯಲಿಲ್ಲ. ನಾನು ಹೋಗಿ ಮುಟ್ಟುವಷ್ಟರಲ್ಲಿ ಅದು ಗೆರೆ ದಾಟಿರುತ್ತಿತ್ತು. ಮೊದಲರ್ಧದಲ್ಲಿ ನಮಗೆ ಸಾಲುಸಾಲು ಗೋಲು ಬಿದ್ದವು. ಎರಡನೇ ಅರ್ಧ ಶುರುವಾದ ಸ್ವಲ್ಪ ಹೊತ್ತಿಗೆ ಎಡಚಿ ಬೂಟು ಬಿಚ್ಚಿ ಎಸೆದು ಬರಿಗಾಲಲ್ಲಿ ಆಡಲು ನೋಡಿದಳು; ಅಂಪೈರು ಗದರಿ ಹಾಕಿಸಿದರು. ಆದರೆ ಅಷ್ಟರಲ್ಲಿ ಆ ನೆಲದ ವೇಗ ಅವಳ ಕಾಲಿಗೆ ತಿಳಿದುಬಿಟ್ಟಿತ್ತೋ ಏನೋ. ಚೆಂಡು ಎಡಕ್ಕೆ ಎಳೆದುಕೊಂಡು, ಸ್ಟಿಕ್ಕು ಮಗುಚಿ, ಇಬ್ಬರನ್ನು ದಾಟಿ ಗೋಲು ಹೊಡೆದಳು. ನಾವು ಸೋತೆವು. ಆದರೆ ಆಟ ಮುಗಿದ ಮೇಲೆ ಒಬ್ಬ ಹಿರಿಯ ಕೋಚು ನಮ್ಮ ಮೇಡಂ ಹತ್ತಿರ ಬಂದು, ಆ ಹುಡುಗಿ ಯಾರು ಎಂದು ಕೇಳಿದರು.

ಅಲ್ಲಿಂದ ಅವಳ ದಾರಿ ಬೇರೆ, ನನ್ನ ದಾರಿ ಬೇರೆ. ಅವಳು ಕ್ರೀಡಾ ಹಾಸ್ಟೆಲ್ಲು, ರಾಜ್ಯ ತಂಡ, ಜೂನಿಯರ್ ಕ್ಯಾಂಪು ಅಂತ ಊರೂರು ತಿರುಗಿದಳು. ನಾನು ಬಿ.ಕಾಂ. ಓದಿದೆ, ಮದುವೆಯಾಗಿ ಕುವೆಂಪುನಗರಕ್ಕೆ ಬಂದೆ. ಭಾನುವಾರ ಮಧ್ಯಾಹ್ನ ಯಾವುದಾದರೂ ಎಸ್‌ಟಿಡಿ ಬೂತಿನಿಂದ ಫೋನು ಮಾಡುತ್ತಿದ್ದಳು. "ಇಲ್ಲಿ ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಚಪಾತಿ. ಒಂದು ಮುದ್ದೆ ಸಿಕ್ಕಿದ್ರೆ ಇನ್ನೊಂದು ಗೋಲು ಹೊಡೀತೀನಿ ಕಣೇ" ಅನ್ನುತ್ತಿದ್ದಳು. ಆಮೇಲೆ ಕ್ರೀಡಾ ಕೋಟಾದಲ್ಲಿ ಕೆಲಸವೂ ಸಿಕ್ಕಿತು. ಒಮ್ಮೆ ದೇಶದ ತಂಡದ ಜೊತೆ ಹೊರದೇಶದ ಪ್ರವಾಸಕ್ಕೂ ಹೋಗಿ ಬಂದಳು. ಬಂದವಳೇ ನಮ್ಮ ಮನೆಗೆ ಬಂದು ನೀಲಿ ಬ್ಲೇಜರು ತೋರಿಸಿದಳು. ನಮ್ಮತ್ತೆ ಅದರ ಜೇಬಿನ ಮೇಲಿನ ಕಸೂತಿಯನ್ನು ಬೆರಳಿನಿಂದ ಸವರಿ ನೋಡಿದರು.

"ರಾಷ್ಟ್ರಗೀತೆ ಹಾಕಿದಾಗ ಅಳು ಬಂತಾ?" ಅಂತ ಕೇಳಿದೆ.

"ಎಲ್ಲಿ ಅಳು? ಚಳಿಗೆ ಹಲ್ಲು ಕಟಕಟ ಅಂತಿದ್ವು. ಇದು ಬೇಗ ಮುಗೀಲಪ್ಪಾ, ಓಡೋಕೆ ಬುಡ್ಲಿ ಅಂತಿದ್ದೆ" ಅಂದಳು.

ಎರಡು ಸಾವಿರದ ಎರಡರಲ್ಲಿ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ತಂಡ ಕಟ್ಟುವ ಕ್ಯಾಂಪಿನಲ್ಲಿ ಅವಳಿದ್ದಳು. ಈ ಸಲ ಹೋಗುವುದು ಖಂಡಿತ ಅಂತ ನಾವೆಲ್ಲ ನಂಬಿದ್ದೆವು. ಆದರೆ ತಂಡ ಹೊರಡಲು ಇನ್ನು ಸ್ವಲ್ಪ ದಿನ ಇದೆ ಅನ್ನುವಾಗ, ಅಭ್ಯಾಸದಲ್ಲಿ ತಿರುಗುವಾಗ ಅವಳ ಬಲಮೊಣಕಾಲು ಉಳುಕಿ, ಒಳಗೆ ಏನೋ ಹರಿದುಹೋಯಿತು. ಯಾರೂ ಹೊಡೆದದ್ದಲ್ಲ, ಯಾರೂ ತಳ್ಳಿದ್ದಲ್ಲ. ಅವಳ ಬದಲು ಇನ್ನೊಬ್ಬ ಹುಡುಗಿ ಹೋದಳು. ಎಡಚಿ ಕಾಲಿಗೆ ದಪ್ಪ ಪಟ್ಟಿ ಕಟ್ಟಿಕೊಂಡು ಬನ್ನಿಮಂಟಪದ ಮನೆಗೆ ಬಂದಳು.

ನೋಡಲು ಹೋದೆ. ಬಾಗಿಲಲ್ಲೇ ಅವಳವ್ವ, "ಏನೂ ಕೇಳಬ್ಯಾಡ ಕಣಮ್ಮ. ಎಂಗಿದ್ದೀಯ ಅಂತ್ಲೂ ಕೇಳಬ್ಯಾಡ" ಅಂತ ಪಿಸುಗುಟ್ಟಿದರು. ನಾನು ಕೇಳಲಿಲ್ಲ. ಒಂದು ಗಂಟೆ ಕೂತು ಅವಳ ಜೊತೆ ಅಳಗುಳಿಮಣೆ ಆಡಿದೆ. ಪೂರ್ತಿ ಆಟ ಅವಳು ಬಲಗೈಯಲ್ಲೇ ಕಾಯಿ ಹಾಕಿದಳು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಆ ಕೂಟದಲ್ಲಿ ನಮ್ಮ ಹುಡುಗಿಯರು ಗೆಲ್ಲುತ್ತಾ ಗೆಲ್ಲುತ್ತಾ ಫೈನಲ್ಲಿಗೆ ಬಂದುಬಿಟ್ಟರು. ಎದುರಿಗೆ ಇಂಗ್ಲೆಂಡು, ಅವರದೇ ನೆಲ. ಆವತ್ತು ಮಧ್ಯಾಹ್ನ ನಾನು ಸ್ಕೂಟಿ ತೆಗೆದುಕೊಂಡು ಬನ್ನಿಮಂಟಪಕ್ಕೆ ಹೋದೆ. "ನಡಿ ನಮ್ಮ ಮನೆಗೆ" ಅಂದೆ. "ನಾನು ನೋಡಲ್ಲ" ಅಂದಳು. "ನೋಡಬೇಡ, ಅಡುಗೆಮನೆಯಲ್ಲಿ ಕೂತು ನನಗೆ ಸೊಪ್ಪು ಬಿಡಿಸಿಕೊಡು" ಅಂದೆ. ಏನನ್ನಿಸಿತೋ, ಎದ್ದಳು. ಮೊಣಕಾಲು ಮಡಿಸುವ ಹಾಗಿರಲಿಲ್ಲ. ಹಿಂದೆ ಒಂದೇ ಕಡೆಗೆ ಕೂತು ಕಾಲನ್ನು ಉದ್ದಕ್ಕೆ ಚಾಚಿದಳು. ಬನ್ನಿಮಂಟಪದಿಂದ ಕುವೆಂಪುನಗರದವರೆಗೆ ಹಾಗೇ ಬಂದೆವು. ದಾರಿಯುದ್ದಕ್ಕೂ ಜನ ಪಕ್ಕಕ್ಕೆ ಸರಿದು ಬೈದರು. "ಲೆಫ್ಟ್ ಇಂಡಿಕೇಟರ್ ಕಣ್ರೀ!" ಅಂತ ಅವಳು ಕೂಗಿದಳು. ಎಷ್ಟೋ ದಿನದ ಮೇಲೆ ಅವಳು ನಕ್ಕದ್ದು ಆವತ್ತೇ.

ಸಂಜೆ ನಮ್ಮತ್ತೆ ಅವರ ಧಾರಾವಾಹಿಯನ್ನು ನಮಗಾಗಿ ಬಿಟ್ಟುಕೊಟ್ಟರು. ನಾನು, ಅತ್ತೆ, ನಮ್ಮ ಯಜಮಾನರು ಟಿವಿ ಮುಂದೆ. ಎಡಚಿ ಅಡುಗೆಮನೆಯಲ್ಲಿ ನಮಗೆ ಬೆನ್ನು ಹಾಕಿ, ಮರದ ಕುರ್ಚಿಯಲ್ಲಿ ಕೂತು, ಇನ್ನೊಂದರ ಮೇಲೆ ಕಾಲು ಚಾಚಿ ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಆದರೆ ಕಿವಿ ಎಲ್ಲಾ ಇತ್ತಲೇ. ಚೆಂಡು ಗೋಲಿನೊಳಗಿನ ಹಲಗೆಗೆ ಬಡಿದ ಸದ್ದಾದರೆ, "ಗೋಲು. ಅವರದಾ ನಮ್ಮದಾ?" ಅನ್ನುವಳು. ಸೀಟಿ ಉದ್ದಕ್ಕೆ ಊದಿದರೆ, "ಕಾರ್ನರ್ ಕೊಟ್ರು" ಅನ್ನುವಳು. ಒಮ್ಮೆ ನಮ್ಮತ್ತೆ, "ಅಯ್ಯೋ, ಆ ಪುಟ್ಟ ಹುಡುಗಿ ಬಿದ್ದುಬಿಟ್ಟಳಲ್ಲಾ" ಅಂದರು. ಅಡುಗೆಮನೆಯಿಂದ, "ಏಳ್ತಾಳೆ ಬುಡಿ ಅಮ್ಮಾ, ಅವಳು ಹಂಗೇ ಬಿದ್ದು ಏಳ್ತಾಳೆ. ನನ್ನ ರೂಮಿನವಳೇ" ಅಂತ ದನಿ ಬಂತು. ಅವಳು ನೋಡದೆಯೇ ಯಾರು ಬಿದ್ದರೆಂದು ತಿಳಿದುಬಿಟ್ಟಿದ್ದಳು.

ಎರಡು ಕಡೆಯೂ ಎರಡೆರಡು ಗೋಲಾಗಿ ಹೊತ್ತು ಮುಗಿಯಿತು. ಇನ್ನು ಹೆಚ್ಚುವರಿ ಆಟ. ಮೊದಲು ಗೋಲು ಹೊಡೆದವರು ಗೆದ್ದ ಹಾಗೆ, ಅಲ್ಲಿಗೆ ಆಟ ಬಂದ್. ತಿರುಗಿ ನೋಡಿದರೆ ಎಡಚಿ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಳು. ಕೈಯಲ್ಲಿ ಇನ್ನೂ ಒಂದು ಹಿಡಿ ಸೊಪ್ಪು. ಕೂರು ಅಂತ ನಾನು ಹೇಳಲಿಲ್ಲ. ಅವಳ ಎಡಗೈ ಮಣಿಕಟ್ಟು ಸೊಪ್ಪಿನ ಸಮೇತ ತಿರುಗುತ್ತಿತ್ತು, ಆ ಕಡೆ, ಈ ಕಡೆ, ಟಿವಿಯಲ್ಲಿ ಚೆಂಡು ಹೋದ ಹಾಗೆ.

ನಮಗೊಂದು ಪೆನಾಲ್ಟಿ ಕಾರ್ನರ್ ಸಿಕ್ಕಿತು. ಅಷ್ಟರಲ್ಲಿ ಹೊತ್ತು ಮುಗಿದ ಹೂಟರ್ ಕೂಗಿಬಿಟ್ಟಿತು. ಇಂಗ್ಲೆಂಡಿನವರು ಆಟ ನಿಂತಿತು ಅಂದುಕೊಂಡರೋ ಏನೋ. ಆ ಗಡಿಬಿಡಿಯಲ್ಲಿ ನಮ್ಮವಳೊಬ್ಬಳು ಚೆಂಡನ್ನು ಒಳಗೆ ನೂಕಿದಳು. ಮೈದಾನದಲ್ಲಿ ಒಂದೇ ಗಲಾಟೆ. ಅವರು ಅಂಪೈರನ್ನು ಸುತ್ತುಗಟ್ಟಿ ವಾದಿಸುತ್ತಿದ್ದರು. ನಮ್ಮ ಯಜಮಾನರು, "ಇದು ಕೊಡಲ್ಲ ಬಿಡು, ಹೂಟರ್ ಆಗಿಹೋಗಿತ್ತು" ಅಂದರು.

"ಕೊಡ್ತಾರೆ ಅಣ್ಣಾ" ಅಂದಳು ಎಡಚಿ. "ಕಾರ್ನರ್ ಸಿಕ್ಕಿದ ಮೇಲೆ ಅದು ಮುಗಿಯೋವರ್ಗೂ ಆಟ ಮುಗಿಯಲ್ಲ. ಹೂಟರ್ ನೂರು ಸಲ ಕೂಗ್ಲಿ. ಗೋಲು. ಅದು ಗೋಲೇ."

ಗೋಲು ಕೊಟ್ಟರು. ನಮ್ಮ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ದೊಡ್ಡ ರಾಶಿಯಾದರು. ಅವಳು ಕುಂಟುತ್ತಾ ಟಿವಿಯ ಹತ್ತಿರಕ್ಕೇ ಹೋಗಿ, ಗಾಜಿಗೆ ಬೆರಳಿಟ್ಟು, "ಇವಳು ನೋಡು, ಇವಳು. ಅಡಿಯಲ್ಲಿರೋಳು ನನ್ನ ರೂಮಿನವಳೇ, ಉಸಿರು ಕಟ್ತದೆ, ಮೇಲೇಳ್ರೇ" ಅಂತ ಅವರಿಗೆ ಹೇಳತೊಡಗಿದಳು. ಆಮೇಲೆ ನೆಲದ ಮೇಲೆ ಕೂತಳು. ಮಡಿಸಬಾರದ ಕಾಲನ್ನು ಹೇಗೆ ಮಡಿಸಿದಳೋ ಗೊತ್ತಿಲ್ಲ. ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ನಮ್ಮತ್ತೆ ಅವಳ ಪಕ್ಕ ಕೂತು ಬೆನ್ನು ಸವರುತ್ತಾ, "ಅತ್ತುಬಿಡು ಮಗಳೇ" ಅಂದರು, ಅಷ್ಟೇ. ಸ್ವಲ್ಪ ಹೊತ್ತಾದ ಮೇಲೆ ಅವಳು ಚೂಡಿದಾರದ ತೋಳಿನಲ್ಲಿ ಮೂಗು ಒರೆಸಿಕೊಂಡು, "ಅಮ್ಮಾ, ಕಾಫಿ ಕೊಡ್ತೀರಾ?" ಅಂದಳು. ಪದಕ ಹಾಕುವುದನ್ನು ಅವಳು ಪೂರ್ತಿ ನೋಡಿದಳು.

ಊಟ ಮುಗಿಸಿ ಹೊರಡು ಎಂದರೆ ಕೇಳಲಿಲ್ಲ. ಮತ್ತೆ ಸ್ಕೂಟಿಯ ಹಿಂದೆ ಕಾಲು ಚಾಚಿ ಹೊರಟಳು. ಕೆಲವೇ ವಾರದ ಹಿಂದೆ ಕ್ರಿಕೆಟ್ಟಿನಲ್ಲಿ ಗೆದ್ದಾಗ ಇದೇ ರಸ್ತೆಗಳಲ್ಲಿ ಪಟಾಕಿ ಹೊಡೆದಿದ್ದರು. ಆವತ್ತು ಒಂದು ಮತಾಪೂ ಇಲ್ಲ. ಒಂದು ಬೇಕರಿ ಮುಂದೆ ನಿಲ್ಲಿಸು ಅಂದಳು. ಅರ್ಧ ಕೆ.ಜಿ. ದಿಲ್‌ಪಸಂದ್ ಕಟ್ಟಿ ಅಂತ ಹೇಳಿ, ತಡೆಯಲಾರದೆ, "ಇಂಡಿಯಾ ಗೆದ್ದುಬುಡ್ತು ಕಣ್ರೀ" ಅಂದಳು. ಬೇಕರಿಯವರು ಕ್ಯಾಲೆಂಡರ್ ಕಡೆ ನೋಡಿ, "ಇವತ್ತು ಮ್ಯಾಚೇ ಇಲ್ವಲ್ಲಮ್ಮಾ?" ಅಂದರು.

"ಹಾಕಿ ರೀ. ಹೆಣ್ಣುಮಕ್ಕಳ ಹಾಕಿ. ಇಂಗ್ಲೆಂಡಿನವರನ್ನ ಇಂಗ್ಲೆಂಡಲ್ಲೇ ಸೋಲಿಸಿದ್ರು."

"ಹೌದಾ! ನಮ್ಮ ಹುಡುಗೀರು?" ಅಂತ ಅವರು ಕೈ ಒರೆಸಿಕೊಂಡು, ಹಿಂದೆ ಕೆಲಸ ಮಾಡುತ್ತಿದ್ದವರನ್ನೆಲ್ಲ ಕೂಗಿ ಹೇಳಿದರು. ಪೊಟ್ಟಣಕ್ಕೆ ಇನ್ನೊಂದು ತುಂಡು ಜಾಸ್ತಿ ಹಾಕಿದರು. ಇವಳು ಯಾರು ಅಂತ ಹೇಳಬೇಕೆಂದು ನಾನು ಬಾಯಿ ತೆರೆದೆ. ಎಡಚಿ ನನ್ನ ತೋಳು ಚಿವುಟಿದಳು.

ಬನ್ನಿಮಂಟಪದ ಮನೆಯಲ್ಲಿ ಅವಳವ್ವ ಬಾಗಿಲಲ್ಲೇ ಕಾಯುತ್ತಿದ್ದರು. ಎಡಚಿ ಪೊಟ್ಟಣ ಕೈಗಿಟ್ಟು, "ಗೆದ್ವಿ ಕಣವ್ವ" ಅಂದಳು. ಅವರು ಒಂದು ಗಳಿಗೆ ಪೊಟ್ಟಣ ನೋಡಿದರು, ಮಗಳ ಕಾಲು ನೋಡಿದರು. ಆಮೇಲೆ ನಿಜವಾಗಿಯೂ ಅಚ್ಚರಿಯಿಂದ, "ನೀನಿಲ್ದೇನೇ?" ಅಂದರು.

ನಾನು ಅವಳ ತೋಳು ಹಿಡಿಯಲು ಕೈ ಚಾಚಿದೆ. ಆದರೆ ಎಡಚಿಗೆ ನಗು ಬಂತು. ಎಂಥ ನಗು ಅಂದರೆ, ಗೋಡೆ ಹಿಡಿದು ಜಗುಲಿ ಮೇಲೆ ಕೂತುಬಿಟ್ಟಳು. "ಹೂಂ ಕಣವ್ವೋ, ನಾನಿಲ್ದೇನೇ! ಅದೆಂಗೆ ಗೆದ್ರೋ ಏನೋ!" ಅವಳವ್ವನಿಗೂ ನಗು ಬಂತು, ನನಗೂ ಬಂತು. ಮೂರು ಜನ ಜಗುಲಿ ಮೇಲೆ ಕೂತು ದಿಲ್‌ಪಸಂದ್ ತಿಂದೆವು.

ಮೊಣಕಾಲಿಗೆ ಆಪರೇಷನ್ ಆಯಿತು. ವರ್ಷದ ಮೇಲೆ ಮತ್ತೆ ಆಡಿದಳು, ತನ್ನ ಕಚೇರಿಯ ತಂಡಕ್ಕೆ ಮಾತ್ರ. ದೇಶದ ತಂಡದಿಂದ ಮತ್ತೆ ಕರೆ ಬರಲಿಲ್ಲ, ಅವಳೂ ಕಾಯಲಿಲ್ಲ. ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿ ಅಲ್ಲೇ ಮನೆ ಮಾಡಿದಳು. ಬೆಳಿಗ್ಗೆ ಹೊತ್ತು ಅಲ್ಲಿಯ ಹುಡುಗಿಯರಿಗೆ ಆಟ ಹೇಳಿಕೊಡುತ್ತಾಳೆ. ಮೈಸೂರಿಗೆ ಬಂದಾಗ ನಮ್ಮ ಮನೆಯಲ್ಲೇ ಉಳಿಯುತ್ತಿದ್ದಳು. ನಮ್ಮತ್ತೆ ತೀರಿಕೊಳ್ಳುವವರೆಗೂ ಅವಳು ಬರುತ್ತಾಳೆಂದರೆ ಮುದ್ದೆ, ಬಸ್ಸಾರು ತಾವೇ ನಿಂತು ಮಾಡಿಸುತ್ತಿದ್ದರು. ಊಟವಾದ ಮೇಲೆ ಇಬ್ಬರೂ ಹಜಾರದಲ್ಲಿ ಚಾಪೆ ಹಾಸಿಕೊಂಡು ಮಲಗಿ, ಆ ಫೈನಲ್ಲನ್ನು ಮೊದಲಿಂದ ಕೊನೆವರೆಗೂ ಮತ್ತೆ ಆಡುತ್ತಿದ್ದರು. ಅತ್ತೆ ಪ್ರತಿ ಸಲವೂ ಏನಾದರೊಂದು ತಪ್ಪು ಹೇಳುವರು, ಅವಳು ತಿದ್ದುವಳು. ನಾನು ಪಾತ್ರೆ ತೊಳೆಯುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಆ ಮಧ್ಯಾಹ್ನಗಳು ಈಗಲೂ ಬೇಕೆನ್ನಿಸುತ್ತವೆ.